ವಿಮಾನದ ಮೂತಿಯ ಮೇಲಿದ್ದ ಮಾತು

ಸೂಲಿಬೆಲೆಯಲ್ಲಿ ನಮ್ಮ ಪಕ್ಕದ ಮನೆಯ ಪೇಂಟರ್ ಮಾವನ ಎದುರು ಯಾರೂ ‘ಹೋಗ್ತೀನಿ’ ಅನ್ನುವಂತಿರಲಿಲ್ಲ. ಯಾರಾದರೂ ಹಾಗಂದರೆ ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡು, “ನೆಟ್ಟಗೆ ಹೇಳು” ಅಂತ ಗದರುತ್ತಿದ್ದರು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅವರು ಬೆಂಗಳೂರಿನ ವಿಮಾನ ರಿಪೇರಿ ಶೆಡ್ಡಿನಲ್ಲಿ ಬಣ್ಣ ಬಳಿಯುತ್ತಿದ್ದರು. ಒಂದು ವಿಮಾನದ ಮೂತಿಯ ಮೇಲೆ ಕೈ ಬೀಸುವ ಹುಡುಗಿಯ ಚಿತ್ರ ಬೇಕೆಂದು ಅದರ ಅಮೆರಿಕನ್ ಸಿಪಾಯಿಗಳು ಕೇಳಿದರಂತೆ. ಅವರು ತೋರಿಸಿದ ಪಟದ ಹುಡುಗಿಗೆ ಮೈಮೇಲೆ ಬಟ್ಟೆ ಕಮ್ಮಿ. “ಮೇಲೆ ಚಳಿ ಇರ್ತದೆ ಕಣಮ್ಮ” ಎಂದು ಚಿತ್ರಕ್ಕೇ ಹೇಳಿ, ಮಾವ ಅವಳಿಗೆ ಹಸಿರು ಸೀರೆ ಉಡಿಸಿಬಿಟ್ಟರು. ಸಿಪಾಯಿಗಳು ಹೊಟ್ಟೆ ಹಿಡಿದುಕೊಂಡು ನಕ್ಕು, ಕೆಳಗೆ ನಿನ್ನ ಭಾಷೆಯಲ್ಲೇ ‘ಗುಡ್ ಬೈ’ ಅಂತ ಬರಿ ಅಂದರು. ಮಾವ ದಪ್ಪಕ್ಷರದಲ್ಲಿ ಬರೆದರು: ‘ಹೋಗ್ಬರ್ತೀನಿ’.

ಯುದ್ಧ ಮುಗಿದು ಆ ವಿಮಾನವನ್ನು ಒಡೆಯುವಾಗ, ಚಿತ್ರವಿದ್ದ ತಗಡನ್ನು ಕೇಳಿ ತಂದು ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದರು. ಸೀರೆಯ ಪಕ್ಕದಲ್ಲಿ, ಒಂದೊಂದು ದಾಳಿಗೆ ಒಂದೊಂದರಂತೆ ಸಿಪಾಯಿಗಳು ಬರೆದುಕೊಂಡ ಪುಟ್ಟ ಬಾಂಬುಗಳ ಸಾಲು. ನಮ್ಮಜ್ಜಿ ಅವನ್ನು ಬದನೆಕಾಯಿ ಅಂತಲೇ ತಿಳಿದಿದ್ದಳು.

“ಅಷ್ಟು ಸಲ ಹೋಗವ್ಳೆ, ಅಷ್ಟು ಸಲಾನೂ ಬಂದವ್ಳೆ” ಎಂದು ಮಾವ ಹೆತ್ತ ಮಗಳ ಬಗ್ಗೆ ಹೇಳುವಂತೆ ಹಿಗ್ಗುತ್ತಿದ್ದರು.

ನಾನು ಮದುವೆಯಾಗಿ ಮಧುರೆಗೆ ಹೊರಟ ದಿನ ಅವರಿಗೆ ಹೇಳಿ ಹೋಗಲು ಬಂದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಪಡಸಾಲೆಯಲ್ಲೇ ನಿಂತೆ. ಮಾವ ಪಕ್ಕಕ್ಕೆ ಸರಿದು, ಗೋಡೆ ಕಾಣುವಂತೆ ನಿಂತರು.

“ಓದಮ್ಮ,” ಅಂದರು.

ನನಗಾಗ ಅಕ್ಷರ ಬರುತ್ತಿರಲಿಲ್ಲ. ಆದರೂ ಗಟ್ಟಿಯಾಗಿ ಓದಿದೆ.