ಹೇಳದೆ ಕಳೆದ ಕ್ರಿಸ್ಮಸ್

ಸನ್ಯಾಸಿನಿಯರ ಆ ಕಾನ್ವೆಂಟಿನಲ್ಲಿ ಎಲ್ಲರೂ ಅವಳನ್ನು ಚಿಕ್ಕ ಸಿಸ್ಟರ್ ಎಂದೇ ಕರೆಯುತ್ತಿದ್ದರು. ದರ್ಜಿಯೊಬ್ಬನ ಮೂರನೆಯ ಮಗಳು ಅವಳು. ಹತ್ತೊಂಬತ್ತು ತುಂಬುವ ಮೊದಲೇ ತಗಡಿನ ಪೆಟ್ಟಿಗೆ ಹಿಡಿದು ಆ ಮನೆಯ ಬಾಗಿಲಲ್ಲಿ ನಿಂತಾಗ ಹೆಸರು ಸರಿಯಾಗಿಯೇ ಒಪ್ಪಿತ್ತು. ಆಮೇಲೆ ತಲೆ ನೆರೆಯಿತು, ಮೊಣಕಾಲು ಮಾತು ಕೇಳದಾಯಿತು, ಅರವತ್ತೂ ದಾಟಿತು. ಹೆಸರು ಮಾತ್ರ ಬಿಡಲಿಲ್ಲ. ಅವಳ ಹಿಂದೆ ಬಂದ ಇಬ್ಬರು ಹುಡುಗಿಯರು ವರ್ಷ ತುಂಬುವುದರೊಳಗೆ ಮನೆಗೆ ವಾಪಸಾಗಿದ್ದರು. ಅವರ ನಂತರ ಯಾರೂ ಬಂದಿರಲಿಲ್ಲ.

"ಯಾರಾದ್ರೂ ಒಬ್ಬಳು ಬಂದು ನನ್ನನ್ನ ದೊಡ್ಡವಳು ಮಾಡ್ರಪ್ಪಾ" ಎಂದು ಅವಳು ನಗುತ್ತಿದ್ದಳು. ಮೊದಮೊದಲು ಎಲ್ಲರೂ ಜೊತೆಗೆ ನಗುತ್ತಿದ್ದರು.

ಬಂದ ಹೊಸದರಲ್ಲಿ ಅವಳಿಗೆ ಕೊಟ್ಟದ್ದು ಬಟ್ಟೆ ಒಗೆಯುವ ಕೋಣೆ. ಸಿಸ್ಟರುಗಳಿಗೆ ವಯಸ್ಸಾಗುತ್ತ ಬಂದಂತೆ ಒಗೆಯುವ ಬಟ್ಟೆ ಕಡಿಮೆಯಾಗಿ, ಹಾಸಿಗೆ ಹಿಡಿದವರ ಸಂಖ್ಯೆ ಹೆಚ್ಚಿತು. ಹಾಗಾಗಿ ಅವಳ ಕೆಲಸ ತಾನಾಗಿಯೇ ಸೋಪಿನ ನೀರಿನಿಂದ ಔಷಧಿಯ ಬಾಟಲಿಗಳ ಕಡೆಗೆ ತಿರುಗಿತು. ಒಬ್ಬೊಬ್ಬರಿಗೇ ಉಣಿಸಿ, ಮೈ ತೊಳೆದು, ಕೊನೆಗೆ ಅವರನ್ನು ಹಿತ್ತಲಿನ ಆಚೆಯ ಸಮಾಧಿಗಳ ಸಾಲಿಗೆ ಕಳಿಸಿಕೊಟ್ಟಳು. ಉಳಿದವರು ಐವರು: ಮದರ್, ಅಡುಗೆ ಸಿಸ್ಟರ್, ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಲೆಕ್ಕದ ಸಿಸ್ಟರ್, ಹಾಡಿನಮ್ಮ, ಮತ್ತು ಅವಳು.

ಹಾಡಿನಮ್ಮ ಎಂದರೆ ಆ ಮನೆಯ ಅತಿ ಹಿರಿಯರು. ಪಕ್ಕದ ಶಾಲೆಯಲ್ಲಿ ಅಜ್ಜಿ, ತಾಯಿ, ಮಗಳು ಎಂದು ಮೂರು ತಲೆಮಾರಿಗೆ ಹಾಡು ಕಲಿಸಿದವರು. ಚಿಕ್ಕ ಸಿಸ್ಟರ್ ಬಂದ ಮೊದಲ ವಾರವೇ ಅವಳ ದನಿ ಕೇಳಿ, "ದನಿ ತಗಡು ಎಳೆದ ಹಾಗಿದೆ ಕಣೇ. ಆದ್ರೆ ಕಾಲಲ್ಲಿ ತಾಳ ಇದೆ. ಬಾ, ತುಳಿ" ಎಂದು ಪ್ರಾರ್ಥನಾಲಯದ ಹಳೆಯ ಆರ್ಗನ್ನಿನ ಮುಂದೆ ಕೂರಿಸಿಕೊಂಡಿದ್ದರು. ಕಾಲಿನಿಂದ ತುಳಿದು ಗಾಳಿ ತುಂಬಬೇಕಾದ ವಾದ್ಯ ಅದು. ಹಾಡಿನಮ್ಮನ ಕಾಲು ಸೋತ ಮೇಲಂತೂ ಇಬ್ಬರೂ ಒಂದೇ ಬೆಂಚಿನ ಮೇಲೆ ಅಂಟಿ ಕೂತು, ಇವಳು ತುಳಿಯುವುದು, ಅವರು ನುಡಿಸುವುದು. ಚಿಕ್ಕ ಸಿಸ್ಟರಿನ ತಾಯಿ ತೀರಿಕೊಂಡ ದಿನ ಸಮಾಧಾನದ ಮಾತು ಒಂದನ್ನೂ ಆಡದೆ ಅವಳನ್ನು ಆ ಬೆಂಚಿಗೆ ಕರೆದುಕೊಂಡು ಹೋಗಿ, ಅಳು ನಿಲ್ಲುವವರೆಗೂ ನುಡಿಸಿದವರು ಹಾಡಿನಮ್ಮ. ಅಂದಿನಿಂದ ಅವಳಿಗೆ ಅವರು ಬರಿಯ ಅಮ್ಮ.

ಆ ವರ್ಷ ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ವಾರದಲ್ಲಿ, ಹಾಡಿನಮ್ಮ ಮಧ್ಯಾಹ್ನ ಮಲಗಿದ್ದ ಹೊತ್ತು ನೋಡಿ, ಮದರ್ ಉಳಿದ ಮೂವರನ್ನು ಊಟದ ಮನೆಗೆ ಕರೆದರು. ಸಿಸ್ಟರುಗಳ ಸಂಘದ ಹಿರಿಯರು ತೀರ್ಮಾನ ಮಾಡಿಯಾಗಿತ್ತು. ಮನೆ ಮುಚ್ಚುವುದು, ಕಟ್ಟಡ ಶಾಲೆಯ ಹೊಸ ಆಡಳಿತಕ್ಕೆ, ಸಿಸ್ಟರುಗಳು ಒಬ್ಬೊಬ್ಬರು ಒಂದೊಂದು ಊರಿಗೆ. ಹಾಡಿನಮ್ಮ ಮಾತ್ರ ವಯಸ್ಸಾದ ಸಿಸ್ಟರುಗಳ ಆಶ್ರಮಕ್ಕೆ.

ಅಡುಗೆ ಸಿಸ್ಟರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಲೆಕ್ಕದ ಸಿಸ್ಟರ್ ಕಿಟಕಿಯ ಕಡೆ ತಿರುಗಿದರು.

"ಹಾಡಿನಮ್ಮಂಗೆ ಈಗಲೇ ಹೇಳೋದು ಬೇಡ" ಎಂದರು ಮದರ್. "ಅವರ ಎದೆ ಎಷ್ಟು ಸೂಕ್ಷ್ಮ ಅಂತ ಡಾಕ್ಟರು ಹೇಳಿದ್ದಾರೆ. ಹಬ್ಬ ಒಂದು ನೆಮ್ಮದಿಯಾಗಿ ಕಳೀಲಿ."

"ಅಲ್ಲ ಮದರ್, ಅವರಿಗೆ ಗೊತ್ತಾಗದೇ ಇದ್ರೆ..." ಎಂದು ಚಿಕ್ಕ ಸಿಸ್ಟರ್ ಬಾಯಿ ತೆರೆದಳು.

"ನಾಳೆ ಹೆಚ್ಚುಕಡಿಮೆ ಆದ್ರೆ ಹೊಣೆ ನೀನು ಹೊರ್ತೀಯಾ?"

ಗದರಿಸಿದ ದನಿಯಲ್ಲ ಅದು. ಮದರಿಗೇ ಭಯವಾಗಿತ್ತು. ಚಿಕ್ಕ ಸಿಸ್ಟರ್ ಅರ್ಧಕ್ಕೆ ಬಂದ ಮಾತನ್ನು ನುಂಗಿಕೊಂಡು ತಟ್ಟೆಗಳನ್ನು ಎತ್ತಿಡತೊಡಗಿದಳು. ಎಲ್ಲರಿಗಿಂತ ಚಿಕ್ಕವಳಾಗಿ ನಲವತ್ತು ವರ್ಷ ಬಾಳಿದವಳಿಗೆ ಎದುರಾಡುವ ಅಭ್ಯಾಸವೇ ಹೋಗಿತ್ತು.

ಆ ತಿಂಗಳು ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಮಹಡಿಯಿಂದ ಬೀರುಗಳು ಇಳಿದವು, ಮೇಜುಗಳು ಹೋದವು. ಸದ್ದಿಗೆ ಹಾಡಿನಮ್ಮ ತಲೆ ಎತ್ತಿದರೆ, "ಪಾಲಿಶ್‌ಗೆ ಕೊಟ್ಟಿದೀವಮ್ಮಾ" ಎನ್ನುತ್ತಿದ್ದಳು ಚಿಕ್ಕ ಸಿಸ್ಟರ್.

"ಒಂದೇ ಸಲ ಮನೆಯೆಲ್ಲ ಮಿಂಚಿಸೋಕೆ ಹೊರಟಿದ್ದಾಳಾ ನಿಮ್ಮ ಮದರ್? ಬಿಷಪ್ ಏನಾದ್ರೂ ಬರ್ತಿದ್ದಾರಾ?" ಎಂದು ಅವರು ನಗುತ್ತಿದ್ದರು. ಅವರಿಗೆ ಅನುಮಾನದ ಬುದ್ಧಿಯೇ ಇರಲಿಲ್ಲ. ಆ ಮನೆಯಲ್ಲಿ ಯಾರೂ ಅವರಿಗೆ ಸುಳ್ಳು ಹೇಳಿದ್ದಿಲ್ಲ.

ದಿನವೂ ಸಂಜೆ ಹಾಡಿನ ಅಭ್ಯಾಸ. ಐದು ಮುದಿ ಗಂಟಲುಗಳಿಂದ ಮೂರು ಬೇರೆ ಸ್ವರಗಳು ಒಟ್ಟಿಗೆ ಸೇರುವ ಹಾಡು ಹೊರಡಿಸುವ ಹಟ ಹಾಡಿನಮ್ಮನಿಗೆ. ಅಡುಗೆ ಸಿಸ್ಟರ್ ನಡುವೆ ಗಂಟಲು ಕಟ್ಟಿ ನಿಂತುಬಿಡುತ್ತಿದ್ದರು.

"ಏನಮ್ಮಾ ನಿನ್ನ ಗಂಟಲಿಗೆ ಬಂದಿರೋ ರೋಗ? ವರ್ಷವಿಡೀ ಪಾತ್ರೆ ಜೊತೆ ಹಾಡೋವಾಗ ಚೆನ್ನಾಗೇ ಇರತ್ತಲ್ಲ! ಇಷ್ಟು ವರ್ಷ ಕಲಿಸಿದ್ದೆಲ್ಲ ಹೊಳೆಗೆ ಸುರಿದ ಹಾಗಾಯ್ತು."

ಅಡುಗೆ ಸಿಸ್ಟರ್ ತಲೆ ತಗ್ಗಿಸಿ ಮತ್ತೆ ಮೊದಲಿನಿಂದ ಹಾಡುತ್ತಿದ್ದರು. ಚಿಕ್ಕ ಸಿಸ್ಟರ್ ತುಳಿಯುತ್ತಲೇ ಇರುತ್ತಿದ್ದಳು.

ಒಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ ಹಾಡಿನಮ್ಮ ನೇರವಾಗಿಯೇ ಕೇಳಿದರು: "ಎಲ್ಲರ ಮುಖ ಯಾಕೆ ಹೀಗೆ ಬಾಡಿದೆ? ನನಗೇನಾದ್ರೂ ಕೆಟ್ಟ ಕಾಯಿಲೆ ಅಂತ ಡಾಕ್ಟರು ಹೇಳಿದ್ರಾ? ಇದ್ರೆ ಹೇಳಿಬಿಡು. ನಾನೇನು ಎಳೇ ಮಗುವಾ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಕೋಣೆಯಲ್ಲಿ ಇಬ್ಬರೇ, ಬಾಗಿಲು ಮುಚ್ಚಿತ್ತು. ಚಿಕ್ಕ ಸಿಸ್ಟರ್ ಬಾಚಣಿಗೆಯಲ್ಲಿ ಸಿಕ್ಕಿದ್ದ ಬಿಳಿ ಕೂದಲನ್ನು ಬಿಡಿಸುತ್ತ, "ಏನಿಲ್ಲಮ್ಮಾ, ಚಳಿಗೆ ಎಲ್ಲರಿಗೂ ಮೈ ಸರಿಯಿಲ್ಲ ಅಷ್ಟೆ" ಎಂದಳು.

"ಹೌದಾ?"

"ಹೂಂ."

"ಸರಿ ಬಿಡು" ಎಂದು ಅವರು ಹಾಯಾಗಿ ಕಣ್ಣು ಮುಚ್ಚಿಕೊಂಡರು.

ಕ್ರಿಸ್ಮಸ್ ಹಿಂದಿನ ಸಂಜೆ ಪ್ರಾರ್ಥನಾಲಯದಲ್ಲಿ ಪಾದ್ರಿಯಿಂದ ಹಬ್ಬದ ಬಲಿಪೂಜೆ ನಡೆಯಿತು. ಯೇಸು ಹುಟ್ಟಿದ ಕೊಟ್ಟಿಗೆಯಂತೆ ಕಟ್ಟಿದ್ದ ಗೋದಲಿಯ ಮುಂದೆ ಮೇಣದಬತ್ತಿಗಳು ಉರಿದವು. ಮದರ್ ಬಾಲಯೇಸುವನ್ನು ಹುಲ್ಲಿನ ಮೇಲೆ ಮಲಗಿಸಿ, ಎದ್ದು ಬರಲು ಮರೆತವರಂತೆ ಅಲ್ಲೇ ಮಂಡಿಯೂರಿ ಇದ್ದುಬಿಟ್ಟರು. ಲೆಕ್ಕದ ಸಿಸ್ಟರ್ ಒಂದೊಂದು ಕಂಬವನ್ನೂ ಮುಟ್ಟಿ ಮುಟ್ಟಿ ಬಂದರು. ಅಡುಗೆ ಸಿಸ್ಟರ್ ಅಳುತ್ತಲೇ ಹಾಡಿದರು, ಮತ್ತು ಅಂದು ಸ್ವರ ತಪ್ಪಲಿಲ್ಲ. ಹಾಡಿನಮ್ಮನ ಗಮನವೆಲ್ಲ ಆರ್ಗನ್ನಿನಲ್ಲಿ ಅಂಟಿಕೊಳ್ಳುತ್ತಿದ್ದ ಒಂದು ಕೀಲಿಯ ಮೇಲೆಯೇ ಇತ್ತು. ಕೊನೆಯ ಹಾಡಿನ ಎರಡು ಚರಣಗಳನ್ನು ಬಿಟ್ಟು ಬೇಗ ಮುಗಿಸಿದರು. "ಇದು ಹೀಗೆ ಕಚ್ಚಿಕೊಂಡ್ರೆ ಯಾರು ನುಡಿಸ್ತಾರೆ? ರಿಪೇರಿ ಮಾಡಿಸಿ, ಮುಂದಿನ ವರ್ಷ ಪೂರ್ತಿ ಹಾಡೋಣ" ಎಂದು ಚಿಕ್ಕ ಸಿಸ್ಟರ್ ಭುಜದ ಮೇಲೆ ಕೈಯಿಟ್ಟು ಎದ್ದರು.

ಹಬ್ಬ ಕಳೆದ ಎರಡನೆಯ ದಿನ ಆರ್ಗನ್ನಿನವನು ಬಂದ. ಹಳೆಯ ವಾದ್ಯಗಳನ್ನು ಕೊಂಡು ಮಾರುವವನು. ಇನ್ನೆರಡು ದಿನ ಬಿಟ್ಟು ಬರುವುದಾಗಿ ಹೇಳಿದ್ದವನು ಗಾಡಿ ಸಿಕ್ಕಿತೆಂದು ಮೊದಲೇ ಬಂದಿದ್ದ. ಹಾಡಿನಮ್ಮನಿಗೆ ಖುಷಿಯೋ ಖುಷಿ.

"ನೋಡಪ್ಪಾ, ಈ ಕೀಲಿ. ಒತ್ತಿದ್ರೆ ಮೇಲೆ ಬರೋದೇ ಇಲ್ಲ. ಇಲ್ಲೇ ಸರಿ ಮಾಡ್ತೀಯೋ, ಅಂಗಡಿಗೆ ಒಯ್ತೀಯೋ?"

ಅವನು ತಬ್ಬಿಬ್ಬಾದ. "ರಿಪೇರಿಗಲ್ಲಮ್ಮಾ, ತಗೊಂಡು ಹೋಗೋಕೆ ಬಂದಿರೋದು. ಕಾನ್ವೆಂಟ್ ಮುಚ್ತಿದೆಯಲ್ಲ, ಇದಕ್ಕೆ ಜಾಗ ಇಲ್ಲ ಅಂತ ನಿಮ್ಮ ಮದರೇ ಹೇಳಿದ್ರು."

ಹಾಡಿನಮ್ಮ ಚಿಕ್ಕ ಸಿಸ್ಟರ್ ಕಡೆ ತಿರುಗಿದರು. ಅವಳ ಮುಖ ನೋಡಿದ ಮೇಲೆ ಕೇಳುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮಾ."

"ಎಲ್ಲರಿಗೂ?"

"ಹೂಂ."

ಎಲ್ಲರೂ ಹೆದರಿದ್ದಂತೆ ಅವರ ಎದೆಗೇನೂ ಆಗಲಿಲ್ಲ. ಬೆಂಚಿನ ಮೇಲೆ ನೆಟ್ಟಗೆ ಕೂತೇ ಇದ್ದರು. "ಪಾಪ, ಅಡುಗೆಯವಳು ಅಳು ನುಂಗಿಕೊಂಡು ಹಾಡ್ತಿದ್ಲು. ನಾನು ಬಾಯಿಗೆ ಬಂದ ಹಾಗೆ ಬೈದೆ" ಎಂದರು. ಆಮೇಲೆ ದನಿ ಇನ್ನೂ ತಗ್ಗಿಸಿ, "ನಿಮಗೆಲ್ಲ ಇಲ್ಲಿನ ಕಡೇ ಹಬ್ಬ ಸಿಕ್ತು ಕಣೇ. ನೋಡಿ, ಮುಟ್ಟಿ, ಅತ್ತು, ಬೀಳ್ಕೊಂಡ್ರಿ. ನಾನು ಮಾತ್ರ ಯಾವತ್ತಿನ ಹಾಗೆ, ಎರಡು ಚರಣ ಬಿಟ್ಟು ಎದ್ದುಬಂದೆ."

ಚಿಕ್ಕ ಸಿಸ್ಟರ್ ಅವರ ಕಾಲ ಬಳಿ ಕುಸಿದು ಕೂತಳು. "ಈಗ ಹಾಡೋಣಮ್ಮಾ. ಎಲ್ಲರನ್ನೂ ಕರೀತೀನಿ. ನಾನು ತುಳೀತೀನಿ."

"ಬೇಡ. ಒಯ್ಯಪ್ಪಾ, ಪಾಪ ಗಾಡಿ ಕಾಯ್ತಿರತ್ತೆ" ಎಂದು ಅವರು ಬಂದವನಿಗೆ ಹೇಳಿ, ಗೋಡೆ ಹಿಡಿದು ತಾವಾಗಿಯೇ ಎದ್ದರು.

ಮದರ್ ಬಂದು ಕ್ಷಮೆ ಕೇಳಿದರು, ಅತ್ತರು. ಹಾಡಿನಮ್ಮ ಅವರ ತಲೆ ಸವರಿದರು. ಅಡುಗೆ ಸಿಸ್ಟರ್ ಕೈ ಹಿಡಿದು ತಾವೇ ಕ್ಷಮೆ ಕೇಳಿದರು. ಆದರೆ "ಚಿಕ್ಕ ಸಿಸ್ಟರನ್ನ ನಿಮ್ಮ ಜೊತೆ ಆಶ್ರಮಕ್ಕೆ ಕಳಿಸಲಾ? ಹಿರಿಯರಿಗೆ ನಾನು ಹೇಳಿ ಒಪ್ಪಿಸ್ತೀನಿ" ಎಂದು ಮದರ್ ಕೇಳಿದಾಗ, "ಬೇಡ, ಅವಳಿಗೂ ಮುದುಕಿಯರ ಚಾಕರಿ ಸಾಕಾಗಿರತ್ತೆ" ಎಂದುಬಿಟ್ಟರು. ಬಾಗಿಲಾಚೆ ಬಟ್ಟೆ ಮಡಿಸುತ್ತಿದ್ದ ಚಿಕ್ಕ ಸಿಸ್ಟರ್ ಅದನ್ನು ಕೇಳಿಸಿಕೊಂಡಳು. ಒಳಗೆ ಹೋಗಿ, ಸಾಕಾಗಿಲ್ಲ ಎಂದು ಹೇಳಬಹುದಿತ್ತು. ಆಗಲೂ ಬಟ್ಟೆ ಮಡಿಸುತ್ತಲೇ ಇದ್ದಳು.

ಅವಳನ್ನು ದೂರದ ಊರಿನ ಹುಡುಗಿಯರ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಬೆಳಿಗ್ಗೆ ಹಾಲು ಕಾಯಿಸುವುದು, ಜ್ವರ ಬಂದವರಿಗೆ ಗುಳಿಗೆ ಕೊಡುವುದು, ಹೊತ್ತು ಮೀರಿ ಬಂದವರಿಗೆ ಬಾಗಿಲು ತೆಗೆಯುವುದು. ಕೆಲಸವೇನೂ ಕಷ್ಟವಿರಲಿಲ್ಲ. ಈಸ್ಟರ್ ಕಳೆದ ಮೇಲೆ ರಜೆ ಸಿಕ್ಕಿ ಅವಳು ಆಶ್ರಮಕ್ಕೆ ಹೋದಳು.

ಹಾಡಿನಮ್ಮ ಕಿಟಕಿ ಪಕ್ಕದ ಮಂಚದ ಮೇಲಿದ್ದರು. ತುಂಬ ಇಳಿದುಹೋಗಿದ್ದರು. ಅವಳನ್ನು ನೋಡಿ ನಕ್ಕರು, ಪ್ರಯಾಣ ಹೇಗಿತ್ತು ಎಂದು ಕೇಳಿದರು, ತಮ್ಮ ಪಾಲಿನ ಬಿಸ್ಕತ್ತು ಕೊಟ್ಟರು. ಊಟ ನಿದ್ದೆಯ ಮಾತೆಲ್ಲ ಮುಗಿದ ಮೇಲೆ ಚಿಕ್ಕ ಸಿಸ್ಟರ್ ಕೇಳಿದಳು: "ನನ್ನ ಮೇಲೆ ಇನ್ನೂ ಕೋಪಾನಾಮ್ಮಾ?"

"ಕೋಪ ಎಂಥದು? ನನ್ನ ಒಳ್ಳೇದಕ್ಕೆ ಅಂತಾನೇ ಮಾಡಿದ್ದು ನೀವು. ಗೊತ್ತಿಲ್ವಾ ನನಗೆ?" ಅವರು ಹೊದಿಕೆಯ ಅಂಚನ್ನು ಬೆರಳಲ್ಲಿ ನೀವಿದರು. "ಆದ್ರೆ ಒಂದು ಆಗಿದೆ ನೋಡು. ಮೊದಲೆಲ್ಲ ನೀನು ಹೂಂ ಅಂದ್ರೆ ನಾನು ಮಲಗಿ ನಿದ್ದೆ ಮಾಡಿಬಿಡ್ತಿದ್ದೆ. ಈಗ ಇಲ್ಲಿ ಯಾರು ಹೂಂ ಅಂದ್ರೂ ನಿಜಾನಾ ಅಂತ ಯೋಚನೆ ಹತ್ತತ್ತೆ. ಅಷ್ಟೆ."

ಚಿಕ್ಕ ಸಿಸ್ಟರ್ ಎದ್ದು ದಿಂಬಿನ ಚೀಲ ಬದಲಿಸಿದಳು. ಅವರ ಉಗುರು ಬೆಳೆದಿತ್ತು. ಕತ್ತರಿ ತರಿಸಿ ಒಂದೊಂದಾಗಿ ತೆಗೆದಳು. ಹಾಡಿನಮ್ಮ ಕೈ ಕೊಟ್ಟು ಕೂತಿದ್ದರು. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ಮುಂದಿನ ರಜೆಗೆ ಬರುತ್ತೇನೆಂದು ಹೇಳಿ ಹೊರಟಳು.

ಆ ರಜೆ ಬರುವುದರೊಳಗೆ ಹಾಡಿನಮ್ಮ ತೀರಿಕೊಂಡರು. ಸುದ್ದಿ ತಿಳಿದಾಗ ಚಿಕ್ಕ ಸಿಸ್ಟರ್ ಹಾಸ್ಟೆಲಿನ ಅಂಗಳದಲ್ಲಿ ಹಾಸಿಗೆಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ಬಸ್ಸು ತಡವಾಗಿ, ಅವಳು ಹೋಗಿ ಸೇರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು.