ಪ್ರಿನ್ಸಿಪಾಲರ ಬಾಯಿಗೆ ಬಾರದ ಹೆಸರು

ಹನ್ನೊಂದು ವರ್ಷ ಆ ಕಾಲೇಜಿನಲ್ಲಿ ಅಡುಗೆಯವನಾಗಿ ದುಡಿದೆ. ಪ್ರಿನ್ಸಿಪಾಲ್ ಬಸಲೀಜಾ ಒಂದು ದಿನವೂ ನನ್ನನ್ನು ಅಪೂಲಿ ಎಂದು ಕರೆಯಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ. ನಮ್ಮ ಟೋರೋ ಸೀಮೆಯಲ್ಲಿ ದಾರಿಹೋಕನನ್ನೂ ಎಂಪಾಕೋ ಕೇಳಿಕೊಂಡೇ ಮಾತಾಡಿಸುತ್ತಾರೆ. ಹಿರಿಯರು ಇಟ್ಟ ಅಕ್ಕರೆಯ ಹೆಸರು ಅದು; ನನ್ನದು ಅಪೂಲಿ. ಅದಿಲ್ಲದೆ ಕರೆಯುವುದು ದನಕರುವನ್ನು.

ಬಸಲೀಜಾ ಕರೆಯುತ್ತಿದ್ದದ್ದು ನಂಬರಿನಿಂದ. ಅವನಪ್ಪ ಚಹಾ ತೋಟದ ಮೇಸ್ತ್ರಿ. ಎಲೆ ಕೀಳುವವರನ್ನು ಬುಟ್ಟಿಯ ನಂಬರು ಕೂಗಿ ಸಾಲು ನಿಲ್ಲಿಸಿದವನು. ಮಗ ಎರಡು ಡಿಗ್ರಿ ಮಾಡಿಕೊಂಡು ಬಂದ, ಆದರೆ ಕಾಲೇಜು ನಡೆಸಲು ತಂದದ್ದು ಅಪ್ಪನ ಸೀಟಿಯನ್ನು. ಬೆಳಿಗ್ಗೆ ಏಳಕ್ಕೆ ಗಣಿತದ ಮೇಷ್ಟ್ರಿಂದ ಹಿಡಿದು ಪಾತ್ರೆ ತೊಳೆಯುವವಳವರೆಗೆ ಎಲ್ಲರೂ ಅಂಗಳದಲ್ಲಿ ಸಾಲು. ತಡವಾದವರ ಕುರ್ಚಿ ಆ ದಿನ ಉಗ್ರಾಣಕ್ಕೆ. ಇತಿಹಾಸದ ಮೇಡಂ ಏಳು ತಿಂಗಳ ಬಸುರಿ, ನೆಲದಲ್ಲಿ ಕೂತು ಉತ್ತರಪತ್ರಿಕೆ ತಿದ್ದಿದಳು. ಇದಕ್ಕೆ ಅವನಿಟ್ಟ ಹೆಸರು ಆಡಳಿತ.

ಒಂದು ಬೆಳಿಗ್ಗೆ "ಹದಿನಾಲ್ಕು" ಎಂದ. ಅದು ನನ್ನ ನಂಬರು. ಕೇಳಿಸದವನಂತೆ ಗೇಟಿನತ್ತ ನೋಡುತ್ತ ನಿಂತೆ.

"ಕಿವಿ ಕೇಳ್ಸಲ್ವೇನಯ್ಯ?"

"ಚೆನ್ನಾಗೇ ಕೇಳ್ಸತ್ತೆ ಸಾರ್. ನಮ್ಮಜ್ಜಿ ಇಟ್ಟ ಹೆಸರು ಮಾತ್ರ ಇನ್ನೂ ಕೇಳ್ಸಿಲ್ಲ. ಕರೆಯೋವರ್ಗೂ ಕಾಯ್ತೀನಿ."

ಸಾಲೆಲ್ಲ ಕಿಸಕ್ಕೆಂದಿತು. ಅವತ್ತೇ ನನ್ನ ಕೈಯಿಂದ ಸೌಟು ಕಿತ್ತು, ಅಡುಗೆಮನೆಯ ಹಿಂದೆ ಸೌದೆ ಒಡೆಯಲು ಹಾಕಿದ.

ವಾರ್ಷಿಕೋತ್ಸವಕ್ಕೆ ಅವನಪ್ಪ ಬಂದ. ಬಸಲೀಜಾ ಗೇಟಿಗೆ ಓಡಿ, ಸೊಂಟ ಬಗ್ಗಿಸಿ, "ಚೆನ್ನಾಗಿದೀರಾಪ್ಪ, ಅಬ್ಬೋಕಿ?" ಎಂದು ಅಪ್ಪನ ಎಂಪಾಕೋ ಹಿಡಿದು ಕೇಳಿದ. ಬಗ್ಗಿದವನು ಅಪ್ಪನ ಬಾಯಿಂದ ತನ್ನ ಎಂಪಾಕೋ ಬರಲೆಂದು ಹಾಗೆಯೇ ಕಾದ.

ಮುದುಕ ಗಡಿಯಾರ ನೋಡಿದ. "ಸಭೆ ಒಂಬತ್ತಕ್ಕೆ ಅಂದಿದ್ದೆ. ಒಂಬತ್ತೂಕಾಲಾಯ್ತು. ಇದೇನಾ ನೀನು ನಡ್ಸೋದು?"

ಪಾತ್ರೆ ತೊಳೆಯುವವಳು "ಅಯ್ಯೋ ಪಾಪ" ಎಂದಳು. ನನಗೆ ಹಾಗನ್ನಿಸಲಿಲ್ಲ. ಬರೆಯ ಉರಿ ಉಂಡವನೇ ಅದೇ ಕಬ್ಬಿಣ ಕಾಯಿಸಿ ಊರಿಗೆಲ್ಲ ಎಳೆದರೆ ಎಂಥ ಪಾಪ?

ತನ್ನ ನಿವೃತ್ತಿಯ ಊಟದ ದಿನ ಬಸಲೀಜಾ ಸೌದೆ ರಾಶಿಯ ಹತ್ತಿರ ತಾನೇ ಬಂದ.

"ಮುನ್ನೂರು ಜನಕ್ಕೆ ಮುದ್ದೆ ತಿರುವೋ ಕೈ ಇನ್ಯಾರ್ದೂ ಇಲ್ಲ. ಬಾ."

"ಬರ್ತೀನಿ ಸಾರ್. ಕರೀರಿ."

ಬಾಯಿ ತೆರೆದ. ಗಡಿಯಾರ ನೋಡಿಕೊಂಡ. "ಹದಿನಾಲ್ಕು, ಬೇಗ ಬಾ."

ನಾನು ಕೊಡಲಿ ಎತ್ತಿ ಮುಂದಿನ ಕೊರಡು ಸೀಳಿದೆ. ಊಟಕ್ಕೆ ಬಂದವರು ಗಂಟುಗಂಟು ಮುದ್ದೆ ಉಂಡು ಹೋದರು.

ಈಗಲೂ ಸಂತೆಯಲ್ಲಿ ಎದುರಾಗುತ್ತಾನೆ. ಎಲ್ಲರಿಗೂ ಕೇಳುವ ಹಾಗೆ "ಚೆನ್ನಾಗಿದೀರಾ, ಅಕೀಕಿ?" ಎನ್ನುತ್ತೇನೆ. ತಲೆಯಾಡಿಸಿ ಬಾಳೆಗೊನೆಗಳತ್ತ ತಿರುಗಿಕೊಳ್ಳುತ್ತಾನೆ. ಅವನಪ್ಪ ಕೊಡದ ಹೆಸರನ್ನು ಪ್ರತಿ ವಾರ ನಾನು ಕೊಡುತ್ತಿದ್ದೇನೆ. ನನ್ನದು ಅವನಲ್ಲಿ ಬಾಕಿಯೇ ಇದೆ.