ಡಬ್ಬದಕ್ಕನ ಕಿವಿ

೨೦೨೩ರ ಫೆಬ್ರವರಿ ೯, ಗುರುವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಎರಡನೇ ಮಹಡಿಯ ಮನೆಯೊಂದರ ನಡುಕೋಣೆಯಲ್ಲಿ ನಲವತ್ತೇಳರ ಹೆಂಗಸೊಬ್ಬರು ನೆಲದ ಮೇಲೆ ಹಳೆಯ ಬೆಡ್‌ಶೀಟ್ ಹಾಸಿಕೊಂಡು ಕೂತಿದ್ದಾರೆ. ಮುಂದೆ ಕಂಪ್ಯೂಟರಿನ ಕ್ಯಾಬಿನೆಟ್ಟು, ಹೊಟ್ಟೆ ತೆರೆದುಕೊಂಡು ಒಂದು ಮಗ್ಗುಲಿಗೆ ಮಲಗಿದೆ. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹಾರ್ಡ್ ಡಿಸ್ಕಿನ ಬೆನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿದ್ದಾರೆ. ಫ್ಯಾನು ನಿಲ್ಲಿಸಿದ್ದಾರೆ, ಫ್ರಿಜ್ ಕೂಡ ಆಫ್ ಮಾಡಿಸಿದ್ದಾರೆ. ಬೀದಿ ಇನ್ನೂ ಬಾಯಿ ತೆರೆದಿಲ್ಲ. ಯಂತ್ರದ ಎದೆಬಡಿತ ಕೇಳಲು ಇದೇ ಹೊತ್ತು ಎಂದು ಅವರು ಈ ಕೆಲಸಕ್ಕೆ ಬೆಳಗಿನ ಜಾವವನ್ನೇ ಆರಿಸಿಕೊಳ್ಳುತ್ತಾರೆ.

“ಏನೂ ಇಲ್ಲಮ್ಮ, ಸುಮ್ಮನೆ ಗುಂಯ್ ಅಂತಿದೆ ಅಷ್ಟೇ,” ಎನ್ನುತ್ತಾರೆ.

ಬಾಗಿಲ ಬಳಿ ನಿಂತ ಮನೆಯೊಡತಿ ಹುಬ್ಬು ಗಂಟಿಕ್ಕುತ್ತಾರೆ. “ಟಿಕ್ ಟಿಕ್ ಅಂತಿದೆಯಲ್ಲ. ನನಗೆ ಇಲ್ಲಿಗೇ ಕೇಳಿಸ್ತಿದೆ.”

“ಎಲ್ಲಿಂದ?”

“ನಿನ್ನ ಕೈ ಕೆಳಗಿಂದಾನೇ.”

ಸ್ಕ್ರೂಡ್ರೈವರ್ ಹಿಡಿದ ಕೈ ಕೆಳಗಿಳಿಯುತ್ತದೆ. ಮರುಕ್ಷಣ ಅವರು ಗೋಡೆಯ ಪ್ಲಗ್ಗನ್ನು ಎಳೆದುಬಿಡುತ್ತಾರೆ.

ಬಡಾವಣೆಯಲ್ಲಿ ಇವರಿಗೆ ಡಬ್ಬದಕ್ಕ ಎಂದು ಹೆಸರು. ಕೆಟ್ಟ ಕ್ಯಾಬಿನೆಟ್ಟನ್ನು ಮಗುವಿನಂತೆ ಸೊಂಟದ ಮೇಲೆ ಕೂರಿಸಿಕೊಂಡು ಸಂತೆಬೀದಿ ದಾಟುವುದನ್ನು ನೋಡಿ ಯಾರೋ ತರಕಾರಿ ಅಂಗಡಿಯವರು ಇಟ್ಟದ್ದು. ಇವರು ನೋಡುವುದು ಮನೆಗಳಲ್ಲಿ ಮೂಲೆ ಹಿಡಿದ ಡೆಸ್ಕ್‌ಟಾಪ್‌ಗಳನ್ನು ಮಾತ್ರ. ಅಂಗಡಿಗೆ ಒಯ್ದರೆ “ಎಸೆದು ಹೊಸದು ತಗೊಳ್ಳಿ” ಎನ್ನಿಸಿಕೊಂಡು ಬಂದವು ಇವರ ಪಾಲಿಗೆ ಬರುತ್ತವೆ. ದಿನಕ್ಕೆ ನಾಲ್ಕು ಮನೆ, ಒಮ್ಮೊಮ್ಮೆ ಆರು. ರ‍್ಯಾಮಿನ ಹಲ್ಲುಗಳನ್ನು ಮಕ್ಕಳ ರಬ್ಬರಿನಿಂದ ಉಜ್ಜುವುದು, ಪ್ರೊಸೆಸರಿನ ಬಿಸಿ ಹೀರುವ ಒಣಗಿದ ಪೇಸ್ಟ್ ಕೆರೆದು ಹೊಸದು ಸವರುವುದು, ಜಿರಲೆ ಸಂಸಾರ ಹೂಡಿದ ಪವರ್ ಸಪ್ಲೈ ಬದಲಿಸುವುದು, ನಿಧಾನವಾದ ಡಿಸ್ಕಿನ ಜಾಗಕ್ಕೆ ತಿರುಗುವ ಚಕ್ರವಿಲ್ಲದ ಎಸ್‌ಎಸ್‌ಡಿ ಕೂರಿಸುವುದು. “ಇವು ಸಾಯೋದು ಕಡಿಮೆ,” ಎನ್ನುತ್ತಾರೆ. “ಧೂಳು ತಿಂದು ಉಸಿರುಕಟ್ಟಿ ಬಿದ್ದಿರ್ತವೆ. ಸತ್ತಿದೆ ಅಂತ ಮನೆಯವರು ಎತ್ತಿಡ್ತಾರೆ.”

ಆ ಧೂಳೇ ಅವರನ್ನು ತಿಂದದ್ದು, ಅದೂ ಮೂಗಿನ ದಾರಿಯಲ್ಲಲ್ಲ. ಸ್ವಂತವಾಗಿ ಮನೆ ಮನೆ ಸುತ್ತಲು ಶುರುಮಾಡುವ ಮೊದಲು ಅವರು ರಿಪೇರಿ ಅಂಗಡಿಯೊಂದರಲ್ಲಿ ಹದಿನಾರು ವರ್ಷ ದುಡಿದರು. ಹಿತ್ತಿಲಿನ ಕಡೆ ಇದ್ದ ಕಿಟಕಿಯಿಲ್ಲದ ಗೂಡಿನಲ್ಲಿ, ಬಂದ ಕ್ಯಾಬಿನೆಟ್ಟುಗಳಿಗೆಲ್ಲ ಬ್ಲೋವರ್‌ನಿಂದ ಗಾಳಿ ಹೊಡೆಯುವುದು ದಿನದ ಮೊದಲ ಕೆಲಸ. ಕೈಯಳತೆಯಲ್ಲಿ ಕಿರುಚುವ ಯಂತ್ರ, ನಾಲ್ಕೂ ಗೋಡೆಗಳಿಂದ ಮರಳುವ ಅದರ ಕಿರುಚಾಟ. “ಮೂಗಿಗೆ ಬಟ್ಟೆ ಕಟ್ಕೋ ಅಂದಿದ್ರು. ಕಿವಿ ವಿಷಯ ಅವರೂ ಎತ್ತಲಿಲ್ಲ, ನನಗೂ ಹೊಳೀಲಿಲ್ಲ.”

ಗದ್ದಲದಿಂದ ಹೋಗುವ ಕಿವಿ ಒಮ್ಮೆಲೇ ಹೋಗುವುದಿಲ್ಲ. ಮೊದಲು ಹೋಗುವುದು ಚೂಪು ಸದ್ದುಗಳು: ಕುಕ್ಕರಿನ ಸೀಟಿ, ಗಡಿಯಾರದ ಟಿಕ್, ಮಾತಿನೊಳಗಿನ ಸಕಾರ ಶಕಾರಗಳು. ದಪ್ಪ ಸದ್ದು ಹಾಗೇ ಉಳಿಯುವುದರಿಂದ ತಾನು ಕಿವುಡಾಗುತ್ತಿದ್ದೇನೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಊರಿನವರೆಲ್ಲ ಬಾಯೊಳಗೇ ಮಾತಾಡಲು ಕಲಿತಿದ್ದಾರೆ ಎನ್ನಿಸುತ್ತದೆ. ಡಬ್ಬದಕ್ಕನ ಗಂಡ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಾರೆ. ಮನೆಯಲ್ಲಿ ಎರಡು ಸಲ ಕುಕ್ಕರ್ ತಳ ಹಿಡಿದ ಮೇಲೆ, “ಇವಳಿಗೆ ಬೇಕಾದ್ದು ಪಕ್ಕದಲ್ಲೇ ಕೂಗಿದ್ರೂ ಕೇಳಲ್ಲ, ಬೇಡದ್ದು ಮೂರು ಬೀದಿ ಆಚೆಯಿಂದ ಕೇಳುತ್ತೆ,” ಎಂದು ಅವರು ನಗೆಯಾಡಿದ್ದುಂಟು. ಹೆಂಡತಿಯೂ ನಕ್ಕಿದ್ದರು. ಅಷ್ಟರಲ್ಲಿ ಅವರು ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ತಮಗೇ ಅರಿವಿಲ್ಲದೆ ರೂಢಿಸಿಕೊಂಡಿದ್ದರು.

ಡಿಸ್ಕಿಗೆ ತುಟಿಯಿಲ್ಲ. ಅದಕ್ಕೆ ಸ್ಕ್ರೂಡ್ರೈವರ್ ಇದೆಯಲ್ಲ ಎಂದು ಅವರು ನಂಬಿದ್ದರು. ಮೂಳೆಗೆ ಒತ್ತಿದರೆ ಸದ್ದು ನೇರ ತಲೆಯೊಳಗೆ ಹೋಗುತ್ತದೆ ಎಂಬುದು ನಿಜ. ಆದರೆ ಮೂಳೆಯ ದಾರಿಯಲ್ಲಿ ಹೋದ ಸದ್ದೂ ಕೊನೆಗೆ ಸೇರುವುದು ಅದೇ ಒಳಗಿವಿಯನ್ನು. ಅಲ್ಲಿನ ಕೂದಲಿನಂಥ ಕೋಶಗಳೇ ಸತ್ತಿದ್ದರೆ ದಾರಿ ಬದಲಿಸಿ ಪ್ರಯೋಜನವಿಲ್ಲ.

ಇಷ್ಟು ಗೊತ್ತಾದದ್ದು ಆ ಗುರುವಾರ, ಮೇಷ್ಟ್ರ ಮನೆಯಲ್ಲಿ.

ಮೇಷ್ಟ್ರು ಮೂವತ್ತು ವರ್ಷ ಲೆಕ್ಕ ಕಲಿಸಿದವರು. ಈಗ ಅದೇ ನಡುಕೋಣೆಯ ಕಿಟಕಿ ಪಕ್ಕದ ಮಂಚದಲ್ಲಿದ್ದಾರೆ. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕಾಲು, ಕೈ, ನಾಲಿಗೆ ಎಲ್ಲ ಸರದಿಯಂತೆ ಹೋಗಿ, ಕಣ್ಣೂ ಎಡಗೆನ್ನೆಯ ಒಂದು ಮಿಡಿತವೂ ಉಳಿದಿವೆ. ನಾಲಿಗೆ ಇನ್ನೂ ಹೊರಳುತ್ತಿದ್ದ ವರ್ಷ ಅವರು ಹೆಂಡತಿಯ ಜೊತೆ ಕೂತು ತಮ್ಮ ಮಾತುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹೇಳಿ ಇಟ್ಟರು. ಕೆನ್ನೆಗೆ ಅಂಟಿಸಿದ ತೆಳು ಪಟ್ಟಿ ಮಿಡಿತ ಹಿಡಿಯುತ್ತದೆ. ಪರದೆಯಲ್ಲಿ ಸಾಲುಸಾಲಾಗಿ ಹಾಯುವ ಪದಗಳಲ್ಲಿ ಬೇಕಾದ್ದು ನಿಲ್ಲುತ್ತದೆ. ಸ್ಪೀಕರು ಅದನ್ನು ಮೇಷ್ಟ್ರ ದನಿಯಲ್ಲೇ ನುಡಿಯುತ್ತದೆ. ನೀರು, ನೋವು, ಮಗ್ಗುಲು ಬದಲಿಸು, ಇಲ್ಲಿ ಬಾರೇ. ಮೊದಲು ಹೇಳಿಟ್ಟದ್ದು ಇವನ್ನು. ಬೈಗುಳಗಳನ್ನೂ ಹೇಳಿಸಿಡಬೇಕು ಎಂದು ಹಟ ಹಿಡಿದದ್ದು ಹೆಂಡತಿ. ಬೈಯದಿದ್ದರೆ ಇವರೇ ಎಂದು ತನಗೆ ಗೊತ್ತಾಗುವುದು ಹೇಗೆ ಎಂಬುದು ಅವರ ವಾದ.

ಈ ದನಿಯೆಲ್ಲ ಇದ್ದದ್ದು ಆ ಡಿಸ್ಕಿನಲ್ಲಿ. ಜನವರಿಯಲ್ಲಿ ಯಂತ್ರ ತೀರ ನಿಧಾನವಾಯಿತೆಂದು ಡಬ್ಬದಕ್ಕ ಬಂದಿದ್ದರು. ರ‍್ಯಾಮ್ ಸೇರಿಸಿದರು, ಬಾಲ್ಕನಿಗೆ ಒಯ್ದು ಧೂಳು ಹೊಡೆದರು. ಚೀಲದಲ್ಲಿ ಹೊಸ ಎಸ್‌ಎಸ್‌ಡಿ ಇತ್ತು. ಅದನ್ನು ಹಾಕಿ ಎಲ್ಲವನ್ನೂ ವರ್ಗಾಯಿಸಲು ಒಂದಿಡೀ ದಿನ ಬೇಕು, ಅಷ್ಟು ಹೊತ್ತು ಮೇಷ್ಟ್ರು ಮೂಕರಾಗಿರಬೇಕು. ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿ, “ಡಿಸ್ಕ್ ಕಲ್ಲಿನ ಹಾಗಿದೆ, ಸದ್ಯಕ್ಕೆ ಮುಟ್ಟೋದು ಬೇಡ,” ಎಂದು ಹೇಳಿ ಹೋಗಿದ್ದರು. ಮಾತು ನಡುನಡುವೆ ನಿಲ್ಲತೊಡಗಿತೆಂದು ಈ ಗುರುವಾರ ಮತ್ತೆ ಕರೆಸಿದ್ದಾರೆ.

ಈಗ ಪ್ಲಗ್ ಎಳೆದ ಮೇಲೆ, ಈ ಸದ್ದು ಯಾವಾಗಿನಿಂದ ಎಂದು ಬಾಗಿಲ ಬಳಿ ನಿಂತ ಮೇಷ್ಟ್ರ ಹೆಂಡತಿಯನ್ನು ಕೇಳುತ್ತಾರೆ. ಜನವರಿಯಲ್ಲೂ ಇತ್ತಂತೆ. ಬೀರುವಿನ ಹಿಂದೆ ಹಲ್ಲಿ ಸೇರಿಕೊಂಡಿದೆ ಎಂದು ಅವರು ಅಂದುಕೊಂಡಿದ್ದರು.

ಕಾಪಿ ಏನಾದರೂ ಇದೆಯೇ ಎಂದರೆ, ಇದೆ ಎಂದು ಭರವಸೆಯಿಂದ ಬೀರುವಿನ ಒಳಗಿಂದ ಪೆನ್‌ಡ್ರೈವ್ ತರುತ್ತಾರೆ. ಮೇಷ್ಟ್ರ ತಮ್ಮ ಕಳೆದ ವರ್ಷ ಮಾಡಿಕೊಟ್ಟದ್ದು. ಹತ್ತಿಯಲ್ಲಿ ಸುತ್ತಿ, ಒಡವೆಯ ಡಬ್ಬಿಯಲ್ಲಿ ಇಟ್ಟಿದ್ದಾರೆ. ಡಬ್ಬದಕ್ಕ ಅದನ್ನು ತಾವು ತಂದ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದರೆ ಒಳಗಿರುವುದು ಒಂದೇ ಒಂದು ಚಿತ್ರ, ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಮೇಷ್ಟ್ರ ತಮ್ಮ ದನಿಗಳ ಬದಲು ಪರದೆಯ ಮೇಲಿನ ಐಕಾನನ್ನಷ್ಟೇ ಎಳೆದು ಹಾಕಿದ್ದ. ಮನೆಯ ವಿಳಾಸ ಬರೆದಿಟ್ಟುಕೊಂಡು ಮನೆಯನ್ನೇ ತಂದೆ ಎಂದುಕೊಂಡ ಹಾಗೆ. ಹತ್ತರಲ್ಲಿ ಮೂರು ಮನೆಗಳಲ್ಲಿ ಇದೇ ಕಥೆ ಎನ್ನುತ್ತಾರೆ ಡಬ್ಬದಕ್ಕ. ಆವತ್ತು ಅವರು ಪೆನ್‌ಡ್ರೈವನ್ನು ಮತ್ತೆ ಹತ್ತಿಯಲ್ಲಿ ಸುತ್ತಿ ಕೊಟ್ಟರು.

ಟಿಕ್ ಎನ್ನುವ ಡಿಸ್ಕೆಂದರೆ ಒಳಗೆ ಓದುವ ಮೊನೆ ತನ್ನ ಜಾಗ ಸಿಗದೆ ಮತ್ತೆ ಮತ್ತೆ ತಡಕಾಡುತ್ತಿದೆ ಎಂದರ್ಥ. ಓಡಿಸಿದಷ್ಟೂ ಒಳಗೆ ಮಾಹಿತಿ ಹೊತ್ತು ತಿರುಗುವ ತಟ್ಟೆ ಗೀಚಿಹೋಗಬಹುದು. ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆಯುವ ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದರೆ ಹೆಚ್ಚು ಉಳಿಯಬಹುದು, ಆದರೆ ವಾರಗಟ್ಟಲೆ ಕಾಯಬೇಕು. ಮೇಷ್ಟ್ರಿಗೆ ಇನ್ನೆಷ್ಟು ವಾರ ಎಂದು ವೈದ್ಯರು ಹೇಳಿಲ್ಲ. ಎರಡನ್ನೂ ಮಂಚದ ಬಳಿ ಕೂತು ಡಬ್ಬದಕ್ಕ ವಿವರಿಸುತ್ತಾರೆ. ಇಲ್ಲೇ ಓಡಿಸಿ ಸಿಕ್ಕಷ್ಟು ತೆಗೆಯುವುದಾದರೆ ಒಮ್ಮೆ ರೆಪ್ಪೆ ಬಡಿಯಿರಿ ಎನ್ನುತ್ತಾರೆ. ಮೇಷ್ಟ್ರು ಹೆಂಡತಿಯ ಕಡೆ ನೋಡುತ್ತಾರೆ, ಒಮ್ಮೆ ರೆಪ್ಪೆ ಬಡಿಯುತ್ತಾರೆ.

ಡಿಸ್ಕನ್ನು ಹೊರತೆಗೆದು, ಬಿಸಿ ಹೀರಲೆಂದು ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಇಡುತ್ತಾರೆ. ಕೆಟ್ಟ ಜಾಗ ಬಂದರೆ ಅಲ್ಲೇ ಗುದ್ದಾಡದೆ ಮುಂದಕ್ಕೆ ಹಾರಿ, ಬಿಟ್ಟದ್ದಕ್ಕೆ ಕೊನೆಯಲ್ಲಿ ಮರಳುವ ಪ್ರೋಗ್ರಾಮು ಅವರಲ್ಲಿದೆ. ಇಲ್ಲದಿರುವುದು ಕಿವಿ. ಆ ಕೆಲಸಕ್ಕೆ ಮೇಷ್ಟ್ರ ಹೆಂಡತಿಯನ್ನು ಕೂರಿಸುತ್ತಾರೆ: ಟಿಕ್ ಎಂದರೆ ಬೆರಳೆತ್ತಬೇಕು. ಬೆರಳು ಎದ್ದ ಕೂಡಲೇ ಇವರು ವಿದ್ಯುತ್ ಕಡಿಯುತ್ತಾರೆ. ಅಂಗೈ ಹಿಂಬದಿಯಿಂದ ಮುಟ್ಟಿ, ತಣ್ಣಗಾದ ಮೇಲೆ ಮತ್ತೆ ಕೊಡುತ್ತಾರೆ. ಬೆಳಗ್ಗೆ ಒಂದೊಂದು ಸಲಕ್ಕೆ ಹತ್ತು ನಿಮಿಷ ದಕ್ಕುತ್ತಿತ್ತು. ಬಿಸಿಲೇರಿದಂತೆ ಎರಡು ನಿಮಿಷಕ್ಕಿಳಿಯುತ್ತದೆ.

ಕಾಯುವ ಹೊತ್ತಿನಲ್ಲೇ ಡಬ್ಬದಕ್ಕ ಹೇಳಿಬಿಡುತ್ತಾರೆ. “ಅಮ್ಮ, ಹೋದ ತಿಂಗಳೇ ಇದು ಸದ್ದು ಮಾಡ್ತಿತ್ತು. ಅವತ್ತೇ ಬದಲಿಸಿದ್ರೆ ಎಲ್ಲ ಉಳೀತಿತ್ತು. ನನಗೆ ಕೇಳಿಸಲಿಲ್ಲ.”

ಮೇಷ್ಟ್ರ ಹೆಂಡತಿ ಡಿಸ್ಕಿನಿಂದ ಕಣ್ಣು ಕೀಳುವುದಿಲ್ಲ. “ಹಲ್ಲಿ ಓಡಿಸೋಕೆ ಒಬ್ಬಳೇ ಬೀರು ಸರಿಸಿದೆ. ಸೊಂಟ ಹಿಡ್ಕೊಂಡು ನಾಲ್ಕು ದಿನ ಮಲಗಿದ್ದೆ,” ಎನ್ನುತ್ತಾರೆ. ಆಮೇಲೆ, ದನಿ ಏರಿಸದೆ: “ಡಿಸ್ಕೇ ಇರಬಹುದು ಅಂತ ಒಂದು ಸಲ ಅನ್ನಿಸಿತ್ತು. ನೀನು ಕಿವಿಗಿಟ್ಟು ಕೇಳಿ, ಸರಿಯಿದೆ ಅಂದಿದ್ದೆಯಲ್ಲ.”

ಡಬ್ಬದಕ್ಕ ಡಿಸ್ಕು ತಣ್ಣಗಾಯಿತೇ ಎಂದು ಮುಟ್ಟಿ ನೋಡಿ, ಮತ್ತೆ ವಿದ್ಯುತ್ ಕೊಡುತ್ತಾರೆ.

ಮಧ್ಯಾಹ್ನ ಮೂರರ ಸುಮಾರಿಗೆ ಎತ್ತಿದ ಬೆರಳು ಕೆಳಗಿಳಿಯುವುದೇ ಇಲ್ಲ. ಡಿಸ್ಕು ಕೊಟ್ಟಷ್ಟು ಕೊಟ್ಟು ಮುಗಿಸಿದೆ. ಹೊಸ ಎಸ್‌ಎಸ್‌ಡಿ ಕೂರಿಸಿ ಯಂತ್ರ ಎಬ್ಬಿಸಿದರೆ ಅದು ಹಿಂದೆಂದೂ ಇಲ್ಲದ ಚುರುಕಿನಲ್ಲಿ ಏಳುತ್ತದೆ. ಉಳಿದು ಬಂದದ್ದೇನು ಎಂದು ಒಂದೊಂದೇ ತೆರೆಯುತ್ತಾರೆ. ಬೈಗುಳಗಳು ಬಹುಪಾಲು ಬಂದಿವೆ. ತರಗತಿಯ ಗದರಿಕೆಗಳು, ಎರಡು ಹಳಸಲು ಜೋಕು, ಹದಿನೇಳರ ಮಗ್ಗಿ ಬಂದಿವೆ. ಮೊದಲು ಹೇಳಿಸಿಟ್ಟವು ಕೆಟ್ಟ ಜಾಗಕ್ಕೆ ಸಿಕ್ಕಿವೆ. ನೀರು ಇಲ್ಲ, ನೋವು ಇಲ್ಲ, ಮಗ್ಗುಲು ಬದಲಿಸು ಇಲ್ಲ, ಇಲ್ಲಿ ಬಾರೇ ಇಲ್ಲ. ಆ ಪದಗಳನ್ನು ಇನ್ನು ಮೇಲೆ ಪ್ರೋಗ್ರಾಮಿನ ಸಿದ್ಧ ದನಿ ನುಡಿಯಬೇಕು. ಅದು ಯಾರೋ ಹೆಂಗಸಿನ ನಯವಾದ ದನಿ. ಪರೀಕ್ಷೆಗೆಂದು ಒಮ್ಮೆ ನುಡಿಸಿದಾಗ ಮೇಷ್ಟ್ರ ಹೆಂಡತಿ, “ಬ್ಯಾಂಕಿನವರು ಫೋನ್ ಮಾಡಿ ನೋವು ಅಂದ ಹಾಗಿದೆ,” ಎನ್ನುತ್ತಾರೆ. ನಗುವುದಿಲ್ಲ.

ಕೆನ್ನೆಗೆ ಪಟ್ಟಿ ಅಂಟಿಸುತ್ತಾರೆ. ಸಾಲುಗಳು ಹಾಯುತ್ತವೆ, ನಿಲ್ಲುತ್ತವೆ. ಸ್ಪೀಕರು ಏನನ್ನೋ ನುಡಿಯುತ್ತದೆ. ಮೇಷ್ಟ್ರ ಹೆಂಡತಿ ಗೋಡೆಯ ಕಡೆ ತಿರುಗಿಬಿಡುತ್ತಾರೆ. ಡಬ್ಬದಕ್ಕನಿಗೆ ಕೇಳಿಸಿದ್ದು ಮುಚ್ಚಿದ ಬಾಗಿಲಾಚೆಯ ಗೊಣಗಿನಂಥದ್ದು. ತುಟಿ ನೋಡೋಣವೆಂದರೆ ಈ ಮಾತಿಗೆ ತುಟಿಯಿಲ್ಲ. ಪರದೆಯ ಮೇಲೆ ಓದಿಕೊಳ್ಳುತ್ತಾರೆ: ಕೊನೇ ಬೆಂಚು, ಕೇಳಿಸ್ತಿದೆಯಾ?

“ಕೇಳಿಸ್ತು ಮೇಷ್ಟ್ರೇ,” ಎನ್ನುತ್ತಾರೆ.

ಮೇಷ್ಟ್ರ ಕಣ್ಣು ಅವರ ಮೇಲೇ ನಿಂತಿದೆ. ಬೆಳಗಿನಿಂದ ಆ ಕೋಣೆಯಲ್ಲಿ ಆಡಿದ್ದನ್ನೆಲ್ಲ ಕೇಳುತ್ತ ಮಲಗಿದ್ದವರು ಅವರು. ಕೆನ್ನೆ ಮಿಡಿಯುತ್ತದೆ. ಪರದೆಯಲ್ಲಿ ಇನ್ನೊಂದು ಸಾಲು ನಿಲ್ಲುತ್ತದೆ: ಸುಳ್ಳು ಹೇಳಬೇಡ, ಎದ್ದು ನಿಲ್ಲು.

ನೆಲದ ಮೇಲೆ ಕೂತಿದ್ದ ಡಬ್ಬದಕ್ಕ ಎದ್ದು ನಿಲ್ಲುತ್ತಾರೆ.

ಇದೀಗ ಜೂನ್. ಆವತ್ತಿನಿಂದ ಅವರು ಯಾವ ಮನೆಗೆ ಹೋದರೂ ಮೊದಲು ಹೇಳುವುದು ತಮ್ಮ ಕಿವಿ ಮಂದ ಎಂದು. ಆಮೇಲೆ ಕೇಳುವುದು ನಿಮಗೇನು ಸದ್ದು ಕೇಳಿಸಿತು ಎಂದು. ಬ್ಲೋವರ್ ಅಟ್ಟ ಸೇರಿದೆ, ಕುಂಚದಿಂದ ಧೂಳು ತೆಗೆಯುತ್ತಾರೆ, ಕೆಲಸ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಕಿವುಡಿಯ ಕೈಗೆ ಮೆಷಿನ್ ಕೊಡುವುದು ಹೇಗೆ ಎಂದು ಕೆಲವು ಮನೆಗಳು ಕರೆಯುವುದನ್ನು ಬಿಟ್ಟಿವೆ. ಅವರ ಮೇಲೆ ದೂರಿಲ್ಲ ಎನ್ನುತ್ತಾರೆ. ಗುರುವಾರ ಬೆಳಗಿನ ಜಾವ ಮಾತ್ರ ಮೇಷ್ಟ್ರ ಮನೆಗೆ ತಪ್ಪುವುದಿಲ್ಲ. ದನಿಗಳನ್ನು ಎರಡು ಬೇರೆ ಡಿಸ್ಕುಗಳಿಗೆ ಇಳಿಸಿ, ಪ್ರತಿಯೊಂದನ್ನೂ ಮೇಷ್ಟ್ರ ಹೆಂಡತಿಯ ಕಿವಿಗೆ ಕೇಳಿಸಿ, ಅವರು ಹೂಂ ಎಂದ ಮೇಲೆ ಮುಂದಿನದಕ್ಕೆ ಹೋಗುತ್ತಾರೆ. ಕೆನ್ನೆಯ ಮಿಡಿತ ಸೋಲುತ್ತಿದೆ. ಕಳೆದ ವಾರ ಪಟ್ಟಿಯನ್ನು ಹುಬ್ಬಿಗೆ ಏರಿಸಿದ್ದಾರೆ. ಮೇಷ್ಟ್ರ ಹೆಂಡತಿ ಅವರಿಗೆ ಬಾಗಿಲು ತೆರೆಯುತ್ತಾರೆ, ಫ್ರಿಜ್ ಆಫ್ ಮಾಡುತ್ತಾರೆ. ಜನವರಿಯ ಮಾತನ್ನು ಮತ್ತೆ ಎತ್ತಿಲ್ಲ.

ಆಸೆ ಏನಾದರೂ ಇದೆಯೇ ಎಂದರೆ ಡಬ್ಬದಕ್ಕ ರ‍್ಯಾಮ್ ಉಜ್ಜುವುದನ್ನು ನಿಲ್ಲಿಸದೆ ಹೇಳುತ್ತಾರೆ. “ಕಿವಿಗೆ ಮೆಷಿನ್ ಹಾಕಿಸಿದ್ರೆ ಸ್ವಲ್ಪ ಗುಣ ಆಗಬಹುದಂತೆ. ಮೇಷ್ಟ್ರು ಇರೋವಾಗಲೇ ಆಗಬೇಕು. ಒಂದು ಸಲ ಅವರು ಬೈದದ್ದನ್ನ ಓದದೆ ಕೇಳಬೇಕು.”

ಶ್ರವಣ ಪರೀಕ್ಷೆಯ ಚೀಟಿ ಅವರ ಸ್ಕ್ರೂಡ್ರೈವರ್ ಚೀಲದಲ್ಲೇ ಇದೆ. ಸರಿಯಾದ ಕಿವಿಗೆ ಇಪ್ಪತ್ತು ಡೆಸಿಬೆಲ್ ಒಳಗಿನ ಸದ್ದು ಸಾಕು. ಅವರ ಬಲಗಿವಿಗೆ, ಚೂಪು ಸದ್ದುಗಳ ಮಟ್ಟವಾದ ನಾಲ್ಕು ಸಾವಿರ ಹರ್ಟ್ಸ್‌ನಲ್ಲಿ, ಬೇಕಾದದ್ದು ಎಪ್ಪತ್ತು ಡೆಸಿಬೆಲ್.